ಪರರ ಕಾವಲು ಮತ್ತು ಪ್ರಜೆಗಳ ಹಕ್ಕು

(ಬುಧಗಾಂವದಲ್ಲಿ ಸಂಸ್ಥೆಯ ವಾರ್ಷಿಕ ಸಮಾರಂಭದ ಕಾಲಕ್ಕೆ ಮಾಡಿದ ಭಾಷಣ)



ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬ ರೀತಿಯಲ್ಲಿ ಬಾಳುವ ಈ ಗಡಿನಾಡಿನಲ್ಲಿ ನಮ್ಮ ಮಕ್ಕಳಿಗೆ ತಾಯ್ನುಡಿಯ ವಿದ್ಯೆಯನ್ನು ದೊರಕಿಸುತ್ತಿರುವ ಸಂಸ್ಥೆ ಇದು. ಇಂಥ ಸಂಸ್ಥೆಯ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶ ಒದಗಿದುದಕ್ಕೆ ನಾವು ಕೃತಜ್ಞರಾಗಿದ್ದೇವೆ. ವಿಷಯವನ್ನು ಸಂಚಾಲಕರು ನಮ್ಮ ಇಚ್ಛೆಗೇ ಬಿಟ್ಟರು. ಮೇಲುನೋಟಕ್ಕೆ ಶಾಲೆಗೆ ದೂರವೆನಿಸಿದರೂ ವಿಚಾರಿಸಿ ನೋಡಿದರೆ ಈ ಊರಿಗೇ ಹತ್ತಿರವಾದ ಒಂದು ವಿಷಯವನ್ನು ನಾವು ಆರಿಸಿಕೊಂಡಿದ್ದೇವೆ.

ದಿನಪತ್ರಿಕೆಯನ್ನು ತೆರೆದರೆ ಇಂಥ ಸುದ್ದಿಗಳು ಮೇಲಿಂದ ಮೇಲೆ ಕಾಣುತ್ತವೆ. ಒಂದು ದೊಡ್ಡ ರಾಷ್ಟ್ರವು ಒಂದು ಸಣ್ಣ ರಾಷ್ಟ್ರಕ್ಕೆ ಇಷ್ಟು ಕೋಟಿ ಬೆಲೆಯ ಶಸ್ತ್ರಗಳನ್ನು ಕೊಟ್ಟಿತು. ಅದರ ಸೈನಿಕರಿಗೂ ಪೋಲೀಸರಿಗೂ ಶಿಕ್ಷಣವನ್ನು ಕೊಟ್ಟಿತು. ತನ್ನ ದಂಡನ್ನೇ ಅಲ್ಲಿಗೆ ಕಳುಹಿಸಿತು. ಇದಕ್ಕೆ ರಕ್ಷಣಾ ನೆರವು ಎಂದು ಹೆಸರು. ನೆರವು ಎಂಬುದು ಒಳ್ಳೆಯ ಮಾತೇ ಸರಿ. ಆದರೆ ವಿಚಾರವಂತನಾದ ನಾಗರಿಕನು ಅಲ್ಲಿಗೆ ನಿಲ್ಲದೆ ಒಂದು ಪ್ರಶ್ನೆಯನ್ನು ಕೇಳಬೇಕು. ಆ ನೆರವು ಯಾರಿಗೆ ಸಂದಿತು? ಆ ದೇಶದ ಪ್ರಜೆಗಳಿಗೋ, ಅಥವಾ ಅವರನ್ನು ಆಳುವವರಿಗೋ? ಪ್ರಜೆಗಳೂ ಪ್ರಭುವೂ ಒಮ್ಮನಸ್ಸಿನಿಂದಿದ್ದಲ್ಲಿ ಈ ಭೇದ ತೋರುವುದಿಲ್ಲ. ಪ್ರಜೆಗಳ ದೂರನ್ನು ಪ್ರಭುವು ಕೇಳದಿದ್ದಲ್ಲಿ ಮಾತ್ರ ಈ ಭೇದವು ಬೆಂಕಿಯಂತೆ ಸುಡುತ್ತದೆ.

ಇದನ್ನು ಅರಿಯಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಸಾಂಗಲಿಯಿಂದ ತಾಸಗಾಂವಕ್ಕೆ ಹೋಗುವ ದಾರಿಯಲ್ಲಿರುವ ಈ ಬುಧಗಾಂವ ೧೯೪೮ರವರೆಗೆ ಒಂದು ರಾಜಧಾನಿಯಾಗಿತ್ತು. ಕಿರಿಯ ಮಿರಜ ಸಂಸ್ಥಾನದ ಆಡಳಿತವು ಇಲ್ಲಿಂದ ನಡೆಯುತ್ತಿತ್ತು. ಸುತ್ತಲೂ ಪಟವರ್ಧನ ಮನೆತನದ ಬೇರೆ ಸಂಸ್ಥಾನಗಳು: ಸಾಂಗಲಿ, ಹಿರಿಯ ಮಿರಜ, ಕುರುಂದವಾಡ, ಜಮಖಂಡಿ. ಸಾಂಗಲಿಯ ಅಧಿಕಾರವು ತೇರದಾಳ, ಶಿರಹಟ್ಟಿಗಳವರೆಗೂ, ಹಿರಿಯ ಮಿರಜದ ಅಧಿಕಾರವು ಲಕ್ಷ್ಮೇಶ್ವರದವರೆಗೂ ಚಾಚಿತ್ತು. ಆದುದರಿಂದ ಈ ಸಂಸ್ಥಾನಗಳ ಕಥೆಯು ಮರಾಠಿಗರದಷ್ಟೇ ಕನ್ನಡಿಗರದೂ ಆಗಿದೆ.

ಈ ಚಿಕ್ಕ ಚಿಕ್ಕ ಸಂಸ್ಥಾನಗಳು ಅಷ್ಟು ಕಾಲ ಉಳಿದುದು ಹೇಗೆ? ೧೮೦೨ರ ಡಿಸೆಂಬರ ೩೧ರಂದು ಪೇಶವೆ ಎರಡನೆಯ ಬಾಜೀರಾಯನು ವಸಯಿಯಲ್ಲಿ ಇಂಗ್ಲಿಷರ ಕುಂಪಣಿಯೊಡನೆ ಒಪ್ಪಂದವನ್ನು ಮಾಡಿಕೊಂಡನು. ಕುಂಪಣಿಯ ದಂಡು ಅವನನ್ನು ಕಾಯತಕ್ಕದ್ದು, ಅದರ ಖರ್ಚಿಗೆ ವರ್ಷಕ್ಕೆ ೨೬ ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಯನ್ನು ಅವನು ಬಿಟ್ಟುಕೊಡತಕ್ಕದ್ದು. ಮರುವರ್ಷ ಅವನು ಪುಣೆಯ ಗಾದಿಗೆ ಮರಳಿದುದು ತನ್ನ ಜನರ ಬಲದಿಂದಲ್ಲ, ಕುಂಪಣಿಯ ಬಂದೂಕಿನ ಬಲದಿಂದ. ಮುಂದೆ ಪೇಶವೆಗೂ ಪಟವರ್ಧನರಿಗೂ ವಿರಸ ಬೆಳೆದಾಗ, ೧೮೧೨ರಲ್ಲಿ ಪಂಢರಪುರದಲ್ಲಿ ಎಲ್ಫಿನ್‌ಸ್ಟನ್ ಸಾಹೇಬರು ನಡುವೆ ನಿಂತು ಜಹಗೀರದಾರರಿಗೆ ಅಭಯ ಕೊಟ್ಟರು. ೧೮೧೮ರಲ್ಲಿ ಪೇಶವಾಯಿ ಮುಗಿಯಿತು. ೧೮೧೯ರ ಒಪ್ಪಂದಗಳಿಂದ ಈ ಜಹಗೀರದಾರರು ಕುಂಪಣಿಯ ಆಶ್ರಯಕ್ಕೆ ನೇರವಾಗಿ ಒಳಪಟ್ಟರು. ಆಶ್ರಯಕ್ಕೆ ಪ್ರತಿಯಾಗಿ ದಂಡನ್ನು ಒದಗಿಸಬೇಕೆಂದು ಕರಾರು. ಸಾಂಗಲಿಯ ಚಿಂತಾಮಣರಾವ ಅಪ್ಪಾಸಾಹೇಬರು ದಂಡಿನ ಬದಲು ಭೂಮಿಯನ್ನು ಬಿಟ್ಟುಕೊಟ್ಟರು. ೧೮೨೦ರಲ್ಲಿ ಮಿರಜವು ಪಾಲಾಯಿತು; ಅದರಲ್ಲಿಯ ಒಂದು ಪಾಲೇ ಮುಂದೆ ಬುಧಗಾಂವದ ಸಂಸ್ಥಾನವಾಯಿತು.

ಈ ಆಶ್ರಯದಿಂದ ಒಳಿತೇ ಆಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಪೆಂಢಾರಿಗಳ ಲೂಟಿ ನಿಂತಿತು. ನೆರೆಹೊರೆಯ ಸಂಸ್ಥಾನಿಕರ ಕಾಳಗ ನಿಂತಿತು. ರೈತನು ಬಿತ್ತಿದ ಬೆಳೆಯನ್ನು ಕುದುರೆದಂಡು ತುಳಿದು ಹೋಗುವುದು ತಪ್ಪಿತು. ಆದರೆ ಇದಕ್ಕೆ ಪ್ರಜೆಯು ತೆತ್ತ ಬೆಲೆ ಏನು ಎಂಬುದನ್ನು ಆ ಕಾಲದ ಒಬ್ಬ ಇಂಗ್ಲಿಷ ಅಧಿಕಾರಿಯೇ ಕಂಡುಕೊಂಡಿದ್ದನು. ಅವನು ಥಾಮಸ್ ಮನ್ರೋ. ಧಾರವಾಡ-ಬೆಳಗಾವಿಗಳ ಸೀಮೆಯನ್ನು ೧೮೧೭-೧೮ರಲ್ಲಿ ಪೇಶವೆಯಿಂದ ಗೆದ್ದುಕೊಂಡವನು ಅವನೇ. ೧೮೧೭ರ ಆಗಸ್ಟದಲ್ಲಿ ಅವನು ಗವರ್ನರ್ ಜನರಲ್ ಹೇಸ್ಟಿಂಗ್ಸರಿಗೆ ಒಂದು ಪತ್ರವನ್ನು ಬರೆದನು. ಅದರ ತಾತ್ಪರ್ಯ ಹೀಗಿದೆ: ಹಿಂದೂಸ್ಥಾನದಲ್ಲಿ ಅರಸನು ಕೆಟ್ಟವನಾದರೆ ಅರಮನೆಯೊಳಗಿನ ಬದಲಾವಣೆಯಿಂದಲೋ, ಪ್ರಜೆಗಳ ದಂಗೆಯಿಂದಲೋ ಅದಕ್ಕೆ ಪರಿಹಾರ ದೊರೆಯುತ್ತಿತ್ತು. ನಮ್ಮ ದಂಡು ಅರಸನನ್ನು ಹೊರಗಿನ ಶತ್ರುವಿನಿಂದಲೂ ಒಳಗಿನ ಶತ್ರುವಿನಿಂದಲೂ ಕಾಯುತ್ತ ನಿಂತರೆ ಆ ಪರಿಹಾರದ ದಾರಿಯೇ ಮುಚ್ಚಿಹೋಗುತ್ತದೆ. ಅರಸನು ಸೋಮಾರಿಯಾಗುತ್ತಾನೆ, ಲೋಭಿಯೂ ಕ್ರೂರಿಯೂ ಆಗುತ್ತಾನೆ.

ವಿದ್ಯಾರ್ಥಿಗಳೇ, ಈ ಮಾತನ್ನು ನೆನಪಿನಲ್ಲಿಡಿರಿ. ಎರಡು ನೂರು ವರ್ಷಗಳ ಹಿಂದೆ ಬರೆದ ಈ ಪತ್ರವು ಇಂದಿನ ರಕ್ಷಣಾ ನೆರವಿಗೂ ಒಪ್ಪುತ್ತದೆ. ತನ್ನ ಪ್ರಜೆಗಳ ಮನಸ್ಸನ್ನು ಗಳಿಸಿಕೊಂಡು ಬಾಳಬೇಕಾದ ಪ್ರಭುವು, ಪರರ ಕಾವಲು ಸಿಕ್ಕೊಡನೆ ಆ ಗೊಡವೆಯನ್ನು ಬಿಡುತ್ತಾನೆ.

ಮನ್ರೋ ಬರೆದುದು ಬರಿಯ ಊಹೆಯಲ್ಲವೆಂಬುದಕ್ಕೆ ಮೈಸೂರಿನ ಇತಿಹಾಸವು ಸಾಕ್ಷಿ. ೧೭೯೯ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಕುಂಪಣಿಯು ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದಿತು. ಕಾವಲಿನ ದಂಡಿಗಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು ೨೪॥ ಲಕ್ಷ ರೂಪಾಯಿಗಳನ್ನು ಕೊಡಬೇಕಾಯಿತು. ಈ ಹಣ ಎಲ್ಲಿಂದ ಬರಬೇಕು? ರೈತನ ಕಣದಿಂದಲೇ ಬರಬೇಕು. ಇಂತಿಷ್ಟು ಕಂದಾಯವನ್ನು ತಂದೇ ತರುವೆವೆಂದು ಅಮಲದಾರರಿಂದ ಶರತ್ತು ಬರೆಯಿಸಿಕೊಳ್ಳುವ ಪದ್ಧತಿ ಬಂದಿತು. ಬರೆದುಕೊಟ್ಟ ಅಮಲದಾರನು ರೈತನನ್ನು ಹಿಂಡದೆ ಬಿಡುವನೇ? ೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟ ಕೂಡಿ ಎದ್ದರು. ಅವರನ್ನು ಅಡಗಿಸಲು ಒಡೆಯರ ದಂಡು ಸಾಲದೆ ಕುಂಪಣಿಯ ದಂಡು ಹೋಯಿತು. ದಂಗೆ ಅಡಗಿತು. ಬಳಿಕ ೧೮೩೧ರಲ್ಲಿ, ರಾಜ್ಯಭಾರ ಕೆಟ್ಟಿತೆಂಬ ಕಾರಣವನ್ನು ಹೇಳಿ ಕುಂಪಣಿಯು ಒಡೆಯರಿಂದಲೇ ಆಡಳಿತವನ್ನು ಕಸಿದುಕೊಂಡಿತು. ಅದು ಅರಮನೆಗೆ ಮರಳಿದುದು ಐವತ್ತು ವರ್ಷಗಳ ಮೇಲೆ, ೧೮೮೧ರಲ್ಲಿ. ರೈತನೂ ಸೋತ, ಅರಸನೂ ಸೋತ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಮತ್ತೆ ನಮ್ಮ ಕೃಷ್ಣೆ-ಘಟಪ್ರಭೆಗಳ ಸೀಮೆಗೆ ಬರೋಣ. ಮುಧೋಳದ ಬಳಿ ಹಲಗಲಿ ಎಂಬ ಹಳ್ಳಿಯಿದೆ. ೧೮೫೭ರಲ್ಲಿ ಅದು ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಆ ವರ್ಷ ಕುಂಪಣಿಯು ಜನರ ಕೈಯೊಳಗಿನ ಆಯುಧಗಳನ್ನು ತೆಗೆದುಕೊಳ್ಳುವ ಶಾಸನವನ್ನು ಮಾಡಿತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಯ ದಾರಿ, ಕುಲದ ಮಾನ. ಅವರು ಕೊಡಲೊಪ್ಪಲಿಲ್ಲ. ನವೆಂಬರ ತಿಂಗಳ ಕೊನೆಯಲ್ಲಿ ಕುಂಪಣಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಅವರ ಕಥೆಯು ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಅದನ್ನು ಬರೆದಿಟ್ಟು ಅಚ್ಚುಹಾಕಿಸಿದವನೂ ಫ್ಲೀಟ್ ಎಂಬ ಇಂಗ್ಲಿಷ ಅಧಿಕಾರಿಯೇ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬೇಡರು ಮುಧೋಳದ ಪ್ರಜೆಗಳು; ಶಾಸನವು ಕುಂಪಣಿಯದು; ಊರನ್ನು ಸುಟ್ಟ ದಂಡೂ ಕುಂಪಣಿಯದು. ಹಾಗಾದರೆ ಆ ಬೇಡರ ಹೆಂಡಿರು-ಮಕ್ಕಳು ತಮ್ಮ ದೂರನ್ನು ಯಾರ ಬಾಗಿಲಿಗೆ ಒಯ್ಯಬೇಕಿತ್ತು? ಸಂಸ್ಥಾನಿಕರು ಆಜ್ಞೆ ತಮ್ಮದಲ್ಲ ಎನ್ನಬಹುದು, ಕುಂಪಣಿಯವರು ಪ್ರಜೆಗಳು ತಮ್ಮವರಲ್ಲ ಎನ್ನಬಹುದು. ಶಸ್ತ್ರವು ಒಬ್ಬರದು, ರಾಜ್ಯವು ಇನ್ನೊಬ್ಬರದು ಆದಾಗ ಉತ್ತರ ಹೇಳುವವರು ಯಾರೂ ಉಳಿಯುವುದಿಲ್ಲ. ಪರರ ಕಾವಲಿನಿಂದ ಪ್ರಜೆಗೆ ಆಗುವ ಮೊದಲನೆಯ ಹಾನಿ ಇದೇ.

ಎರಡನೆಯ ಹಾನಿಯು ಇಷ್ಟು ಸದ್ದು ಮಾಡುವುದಿಲ್ಲ. ಪ್ರಜೆಯು ಬಾಯಿ ತೆರೆದು ದೂರು ಹೇಳುವ ಹಕ್ಕೂ ಹೋಗುತ್ತದೆ. ಈ ಶತಮಾನದ ಹಿಂದಿನ ಶತಮಾನದಲ್ಲಿ, ೧೯೨೨ರಲ್ಲಿ, ಬ್ರಿಟಿಷ ಸರಕಾರವು ಸಂಸ್ಥಾನಿಕರ ವಿರುದ್ಧ ಅಪ್ರೀತಿ ಹುಟ್ಟಿಸುವ ಬರಹಗಳನ್ನು ಶಿಕ್ಷಿಸುವ ಶಾಸನವನ್ನು ತಂದಿತು. ೧೯೩೪ರಲ್ಲಿ ಇನ್ನೊಂದು ಶಾಸನವು ಬಂದಿತು. ಬ್ರಿಟಿಷ ಹದ್ದಿನಿಂದ ಜನರು ಗುಂಪುಗೂಡಿ ಸಂಸ್ಥಾನದೊಳಗೆ ಹೋಗಿ ಚಳವಳಿ ಮಾಡುವುದನ್ನು ಅದು ತಡೆಯಿತು. ನಡುವೆ ೧೯೨೯ರಲ್ಲಿ ಬಟ್ಲರ್ ಸಮಿತಿಯ ವರದಿಯು, ಸಂಸ್ಥಾನಿಕರನ್ನು ತೆಗೆದುಹಾಕುವ ಯತ್ನಗಳಿಂದ ಅವರನ್ನು ಕಾಯುವುದು ಸಾರ್ವಭೌಮ ಸರಕಾರದ ಕರ್ತವ್ಯವೆಂದು ಸಾರಿತು. ಪ್ರಜೆಗಳಲ್ಲಿ ವ್ಯಾಪಕವಾದ ಬೇಡಿಕೆಯಿದ್ದರೆ ಸುಧಾರಣೆಯನ್ನು ಸೂಚಿಸಬೇಕೆಂದೂ ಅದರಲ್ಲಿತ್ತು. ಕಾವಲು ಮಾತ್ರ ಕರಾರಿನಂತೆ ಗಟ್ಟಿ. ಸುಧಾರಣೆಯು ಬುದ್ಧಿವಾದದಂತೆ ಹಗುರ.

ಬಾಗಿಲು ಮುಚ್ಚಿದ ಮನೆಯಲ್ಲಿ ಹೊಗೆ ತುಂಬುವುದು ಸಹಜ. ೧೯೩೯ರ ಎಪ್ರಿಲ್ ೭ರಂದು ರಾಮದುರ್ಗ ಸಂಸ್ಥಾನದಲ್ಲಿ ಪ್ರಜಾಸಂಘದ ಮುಖಂಡರ ಬಂಧನದ ನಿಮಿತ್ತ ದೊಡ್ಡ ಕ್ಷೋಭೆಯಾಯಿತು. ಗುಂಡು ಹಾರಿ ಜನ ಸತ್ತರು. ಕೆರಳಿದ ಜನರ ಕೈಯಲ್ಲಿ ಪೋಲೀಸರೂ ಸತ್ತರು. ಗಾಂಧೀಜಿಯವರು ಜನರ ಈ ಹಿಂಸೆಯನ್ನು ಖಂಡಿಸಿದರು. ಅದು ಸರಿಯಾದ ಮಾತು. ಸತ್ತ ಪೋಲೀಸರೂ ಬಡವರ ಮಕ್ಕಳೇ ಅಲ್ಲವೇ? ಹಕ್ಕಿಗಾಗಿ ಎದ್ದವರು ಇನ್ನೊಬ್ಬರ ಬದುಕುವ ಹಕ್ಕನ್ನು ಕಸಿದರೆ ಅಲ್ಲಿ ಗೆದ್ದವರು ಯಾರೂ ಇಲ್ಲ.

ಅದೇ ವರ್ಷ, ನೆರೆಯಲ್ಲಿಯೇ, ಬೇರೊಂದು ದಾರಿಯೂ ಕಾಣಿಸಿತು. ಔಂಧದ ಅರಸರಾದ ಭವಾನರಾವ ಪಂತ ಪ್ರತಿನಿಧಿಗಳು ೧೯೩೯ರ ಜನವರಿಯಲ್ಲಿ ಗಾಂಧೀಜಿಯವರ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ರಾಜ್ಯಘಟನೆಯನ್ನು ಜಾರಿಗೆ ತಂದರು. ಗ್ರಾಮ ಪಂಚಾಯತಿಗಳೇ ಅದರ ಬುನಾದಿ. ಇಂದು ನಮ್ಮ ಸಾಂಗಲಿ ಜಿಲ್ಲೆಯಲ್ಲಿರುವ ಆಟಪಾಡಿಯು ಆಗ ಔಂಧಕ್ಕೆ ಸೇರಿತ್ತು. ಅದರ ಬಳಿಯ ಸ್ವತಂತ್ರಪುರದಲ್ಲಿ ಕೈದಿಗಳನ್ನು ಗೋಡೆಯಿಲ್ಲದ ಸೆರೆಮನೆಯಲ್ಲಿಟ್ಟು ಬೇಸಾಯಕ್ಕೆ ಹಚ್ಚಿದರು. ಔಂಧದ ಅರಸರಿಗೂ ಬ್ರಿಟಿಷರ ಕಾವಲು ಇದ್ದೇ ಇತ್ತು. ಆದರೆ ಅವರು ನಂಬಿದುದು ತಮ್ಮ ಪ್ರಜೆಗಳನ್ನು. ಹೀಗಾಗಿ ಕಾವಲು ಸಿಕ್ಕವರೆಲ್ಲರೂ ಪ್ರಜಾಪೀಡಕರೇ ಆಗಬೇಕೆಂದಿಲ್ಲ. ಆದರೆ ಸಜ್ಜನಿಕೆಯನ್ನು ಅರಸನ ಸ್ವಭಾವಕ್ಕೆ ಬಿಟ್ಟುಕೊಟ್ಟು ಪ್ರಜೆಯು ನಿದ್ರಿಸಲಾಗದು.

೧೯೪೮ರ ಮಾರ್ಚ ೮ರಂದು ಸಾಂಗಲಿ, ಮಿರಜ, ಬುಧಗಾಂವ, ಔಂಧ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ವರ್ಷದ ಡಿಸೆಂಬರ ೧೦ರಂದು ಪ್ಯಾರಿಸ್ಸಿನಲ್ಲಿ ಸಂಯುಕ್ತ ರಾಷ್ಟ್ರಸಂಘವು ಮಾನವ ಹಕ್ಕುಗಳ ವಿಶ್ವ ಘೋಷಣೆಯನ್ನು ಒಪ್ಪಿತು. ಅದರ ಮೊದಲ ಕಲಮಿನಲ್ಲಿ ಗಂಡಸರನ್ನಷ್ಟೇ ಸೂಚಿಸುವಂತಿದ್ದ ಶಬ್ದವನ್ನು ತೆಗೆದು ಸಮಸ್ತ ಮಾನವರು ಎಂದಾಗಬೇಕೆಂದು ಹಟಹಿಡಿದು ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. ನಮ್ಮ ವಿದ್ಯಾರ್ಥಿನಿಯರು ಈ ಹೆಸರನ್ನು ತಿಳಿದಿರಬೇಕು. ಹೀಗೆ ಒಂದೇ ವರ್ಷದಲ್ಲಿ ಈ ಊರಿನವನು ಸಂಸ್ಥಾನದ ಪ್ರಜೆಯೆಂಬ ಹೆಸರನ್ನು ಕಳಚಿದನು. ಲೋಕದ ಮಾನವನೆಂಬ ಹಕ್ಕನ್ನು ಪಡೆದನು.

ಘೋಷಣೆಯು ಬಂದಿತಾದರೂ ಹಳೆಯ ಪದ್ಧತಿಯು ಸಾಯಲಿಲ್ಲ. ಹೊಸ ವೇಷವನ್ನು ತೊಟ್ಟಿತು. ಎರಡನೆಯ ಮಹಾಯುದ್ಧದ ತರುವಾಯ ಜಗತ್ತು ಎರಡು ಬಣಗಳಾಯಿತು. ಎರಡೂ ಬಣದವರು ತಮಗೆ ಬೇಕಾದ ಸರಕಾರಗಳಿಗೆ ಶಸ್ತ್ರಗಳನ್ನು ಹಂಚಿದರು. ೧೯೫೪ರಲ್ಲಿ ಅಮೇರಿಕೆಯು ಪಾಕಿಸ್ತಾನದೊಡನೆ ಸೈನಿಕ ನೆರವಿನ ಒಪ್ಪಂದವನ್ನು ಮಾಡಿಕೊಂಡಿತು. ಆ ಶಸ್ತ್ರಗಳು ಭಾರತದ ಮೇಲೆ ಬೀಳವೆಂದು ಆಗ ನಮಗೆ ಭರವಸೆಯನ್ನೂ ಕೊಟ್ಟಿತು. ೧೯೬೫ರ ಸಪ್ಟಂಬರದಲ್ಲಿ ಅಸಲ ಉತ್ತರದ ಹೊಲಗಳಲ್ಲಿ ವೀರ ಅಬ್ದುಲ ಹಮೀದನು ನಾಶಮಾಡಿದ ಪ್ಯಾಟನ್ ಟ್ಯಾಂಕುಗಳು ಆ ನೆರವಿನವೇ. ಕೊಟ್ಟ ಶಸ್ತ್ರವು ಕೊಟ್ಟವನ ಮಾತನ್ನು ಕೇಳುವುದಿಲ್ಲ.

ಅದಕ್ಕೂ ಘೋರವಾದುದು ೧೯೭೧ರಲ್ಲಿ ನಡೆಯಿತು. ಮಾರ್ಚ ೨೫ರ ರಾತ್ರಿ ಪಾಕಿಸ್ತಾನದ ಸೇನೆಯು ಢಾಕಾ ನಗರದಲ್ಲಿ ತನ್ನದೇ ಪ್ರಜೆಗಳಾದ ಬಂಗಾಲಿಗಳ ಮೇಲೆ ಬಿದ್ದಿತು. ಅಮೇರಿಕೆಯು ಕೊಟ್ಟ ಟ್ಯಾಂಕುಗಳೂ ಅಲ್ಲಿ ಬಳಕೆಯಾದವು. ಢಾಕಾದಲ್ಲಿದ್ದ ಅಮೇರಿಕೆಯ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಎಪ್ರಿಲ್ ೬ರಂದು ತಮ್ಮ ಸರಕಾರದ ನೀತಿಯನ್ನೇ ಖಂಡಿಸಿ ತಂತಿ ಕಳುಹಿಸಿದರು. ಸರಕಾರವು ನೀತಿಯನ್ನು ಬದಲಿಸಲಿಲ್ಲ, ಬ್ಲಡ್ಡರನ್ನು ಅಲ್ಲಿಂದ ಬದಲಿಸಿತು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನಾಡಿಗೆ ಓಡಿಬಂದರು. ಇರಾನದಲ್ಲಿಯೂ ೧೯೫೭ರಲ್ಲಿ ಅಮೇರಿಕೆಯ ಸಹಾಯದಿಂದ ಸಾವಾಕ್ ಎಂಬ ಗುಪ್ತ ಪೋಲೀಸು ಪಡೆಯು ಹುಟ್ಟಿ, ಶಹನ ವಿರೋಧಿಗಳನ್ನು ಹಿಂಸಿಸಿತು. ೧೯೭೯ರಲ್ಲಿ ಶಹನ ಗಾದಿಯೇ ಉರುಳಿತು. ಅದೇ ವರ್ಷದ ಡಿಸೆಂಬರದಲ್ಲಿ ಸೋವಿಯತ್ ಸೇನೆಯು ಅಫಗಾನಿಸ್ತಾನವನ್ನು ಹೊಕ್ಕಿತು. ಅದು ಹೊರಬಿದ್ದುದು ೧೯೮೯ರಲ್ಲಿ. ಬಣ ಯಾವುದೇ ಇರಲಿ, ಫಲವು ಒಂದೇ.

ಇಷ್ಟನ್ನು ಕೇಳಿ, ಇವೆಲ್ಲ ಪರದೇಶದವರ ದೋಷಗಳು ಎಂದು ನಾವು ಸಮಾಧಾನ ಪಡಬಾರದು. ೧೯೮೭ರ ಜುಲೈ ೨೯ರ ಒಪ್ಪಂದದ ಮೇರೆಗೆ ಭಾರತದ ಶಾಂತಿಪಾಲನಾ ಪಡೆಯು ಶ್ರೀಲಂಕೆಗೆ ಹೋಯಿತು. ತಮಿಳರನ್ನು ಕಾಯಲೆಂದು ಹೋದ ಪಡೆಗೆ ತಮಿಳರ ಬಂಡುಕೋರರೊಡನೆಯೇ ಕಾದುವ ಪ್ರಸಂಗ ಬಂದಿತು. ಅದೇ ವರ್ಷದ ಅಕ್ಟೋಬರದಲ್ಲಿ ಜಾಫ್ನಾದ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ರೋಗಿಗಳು ಗುಂಡಿಗೆ ಬಲಿಯಾದರು. ೧೯೯೦ರ ಮಾರ್ಚದಲ್ಲಿ ಪಡೆಯು ಮರಳುವಷ್ಟರಲ್ಲಿ ನಮ್ಮ ಸಾವಿರಕ್ಕೂ ಮೇಲ್ಪಟ್ಟು ಸೈನಿಕರು ಪ್ರಾಣವಿತ್ತಿದ್ದರು. ಈ ಸೀಮೆಯ ಎಷ್ಟೋ ಮನೆಗಳಿಂದ ಮಕ್ಕಳು ಸೇನೆಗೆ ಹೋಗುತ್ತಾರೆ. ಅವರ ತಂದೆ-ತಾಯಿಗಳ ಮುಂದೆ ನಿಂತು ನಾವು ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ. ಆಜ್ಞೆಯಂತೆ ನಡೆದು ಪ್ರಾಣ ಕೊಟ್ಟ ಸೈನಿಕನನ್ನು ನಾವು ಗೌರವಿಸೋಣ. ಅವನನ್ನು ಅಲ್ಲಿಗೆ ಕಳುಹಿಸಿದವರನ್ನು, ಏತಕ್ಕೆ ಕಳುಹಿಸಿದಿರಿ, ಅಲ್ಲಿಯ ಬಡವನಿಗೆ ಏನಾಯಿತು ಎಂದು ಕೇಳೋಣ. ಈ ಪ್ರಶ್ನೆಯಿಂದ ಸೈನಿಕನ ಮಾನ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಇಂದು ಭಾರತವು ಶಸ್ತ್ರಗಳನ್ನು ಕೊಳ್ಳುವ ದೇಶ ಮಾತ್ರವಲ್ಲ, ಮಾರುವ ದೇಶವೂ ಆಗಿದೆ. ೨೦೨೨ರಲ್ಲಿ ಕರಾರಾದ ಬ್ರಹ್ಮೋಸ್ ಕ್ಷಿಪಣಿಗಳು ೨೦೨೪ರಲ್ಲಿ ಫಿಲಿಪೈನ್ಸಿಗೆ ತಲುಪಿದವು. ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮಿತ್ರರಾಷ್ಟ್ರಗಳ ತರುಣರೂ ಶಿಕ್ಷಣ ಪಡೆಯುತ್ತಾರೆ. ತನ್ನ ಕಾಲ ಮೇಲೆ ತಾನು ನಿಂತ ರಾಷ್ಟ್ರಕ್ಕೆ ಇದು ಅಭಿಮಾನದ ಸಂಗತಿ. ಆದರೆ ಒಂದು ಕಾಲಕ್ಕೆ ಪರರ ಕಾವಲಿನ ಕೆಳಗೆ ನರಳಿದವರು, ಇಂದು ಪರರಿಗೆ ಕಾವಲು ಕೊಡುವವರಾದಾಗ, ನಮ್ಮ ಹೊಣೆಯು ಇಮ್ಮಡಿಯಾಗುತ್ತದೆ.

ಇದಕ್ಕೆ ಪರಿಹಾರವಿಲ್ಲವೇ? ಸ್ವಲ್ಪ ಮಟ್ಟಿಗೆ ಇದೆ. ಅಮೇರಿಕೆಯಲ್ಲಿಯೇ ಜನಪ್ರತಿನಿಧಿಗಳು ೧೯೭೬ರಲ್ಲಿ, ಮಾನವ ಹಕ್ಕುಗಳನ್ನು ಸತತವಾಗಿ ಮತ್ತು ಘೋರವಾಗಿ ತುಳಿಯುವ ಸರಕಾರಗಳಿಗೆ ರಕ್ಷಣಾ ನೆರವು ಸಲ್ಲದೆಂದು ಶಾಸನದಲ್ಲಿ ಬರೆದರು. ೧೯೯೭ರಿಂದ ಲೇಹಿ ಎಂಬ ಸೆನೇಟರರ ಹೆಸರಿನ ನಿಯಮವು, ಹತ್ಯೆ-ಹಿಂಸೆಗಳನ್ನು ಮಾಡಿದ ಸೈನಿಕ ತುಕಡಿಗೆ ನೆರವನ್ನು ತಡೆಯತಕ್ಕದ್ದೆಂದು ವಿಧಿಸುತ್ತದೆ. ೨೦೧೩ರ ಎಪ್ರಿಲ್ ೨ರಂದು ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯು ಶಸ್ತ್ರ ವ್ಯಾಪಾರದ ಒಪ್ಪಂದವನ್ನು ೧೫೪ ಮತಗಳಿಂದ ಅಂಗೀಕರಿಸಿತು. ಅದು ಮಾರುವ ದೇಶಗಳ ಕೈಯನ್ನು ಬಲಪಡಿಸಿ ಕೊಳ್ಳುವ ದೇಶಗಳನ್ನು ಕಟ್ಟಿಹಾಕುತ್ತದೆಂದು ಭಾರತವು ತಟಸ್ಥವಾಗಿ ಉಳಿಯಿತು. ಈ ನಿಯಮಗಳನ್ನು ಮಿತ್ರರಿಗೊಂದು, ಶತ್ರುಗಳಿಗೊಂದು ಎಂಬಂತೆ ಬಳಸುವುದೂ ಉಂಟು. ಶಾಸನವು ಕಾಗದದ ಮೇಲಿದ್ದರೆ ಸಾಲದು. ಅದನ್ನು ನೆನಪಿಸುವ ಜನರೂ ಇರಬೇಕು.

ಆದುದರಿಂದ, ವಿದ್ಯಾರ್ಥಿಗಳೇ, ಇಂಥ ಸುದ್ದಿಯನ್ನು ಓದಿದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ಮಾಡಿಕೊಳ್ಳಿರಿ. ಈ ನೆರವು ಪ್ರಜೆಗೋ, ಪ್ರಭುವಿಗೋ? ಇದು ಹೊರಗಿನ ಶತ್ರುವಿಗಾಗಿಯೋ, ಒಳಗಿನ ದೂರುದಾರನಿಗಾಗಿಯೋ? ಅನ್ಯಾಯವಾದರೆ ಉತ್ತರ ಹೇಳುವವರು ಯಾರು? ಹಲಗಲಿಯ ಬೇಡರಿಗೂ, ನಗರದ ರೈತರಿಗೂ, ಢಾಕಾದ ವಿದ್ಯಾರ್ಥಿಗಳಿಗೂ, ಜಾಫ್ನಾದ ರೋಗಿಗಳಿಗೂ ಇಲ್ಲವಾದುದು ಈ ಮೂರನೆಯ ಪ್ರಶ್ನೆಯ ಉತ್ತರವೇ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಸಂಸ್ಥಾನಗಳ ಕಾಲದ ಮಾತುಗಳನ್ನು ಹಿರಿಯರಿಂದ ಕೇಳಿದವರು ಇನ್ನೂ ನಿಮ್ಮ ಮನೆಗಳಲ್ಲಿದ್ದಾರೆ. ಕಂದಾಯದ ಪಾವತಿ, ಅರ್ಜಿಯ ನಕಲು, ಹಳೆಯ ಹುಕುಮು ಪೆಟ್ಟಿಗೆಯ ತಳದಲ್ಲಿದ್ದರೆ ಗೆದ್ದಲಿಗೆ ಒಪ್ಪಿಸಬೇಡಿರಿ; ಮಕ್ಕಳ ಕೈಯಿಂದ ಓದಿಸಿರಿ. ಅರಸನ ಮುಂದೆ ಕೈಮುಗಿದು ಅರ್ಜಿ ಕೊಟ್ಟವರ ಮೊಮ್ಮಕ್ಕಳು ಇಂದು ಮತ ಹಾಕುವವರಾಗಿದ್ದಾರೆ. ಈ ಬದಲಾವಣೆಗೆ ಎಷ್ಟು ಬೆಲೆ ತೆತ್ತಿದೆ ಎಂಬುದು ಮಕ್ಕಳಿಗೆ ತಿಳಿದರೆ, ದೂರದೇಶದ ಬಡವನ ಕೂಗೂ ಅವರ ಕಿವಿಗೆ ಕೇಳಿಸೀತು.